ಮುಂಬಯಿಯ ಧಕ್ಕೆ

ಉಡುಪಿಯಿಂದ ತೆಂಕಣಕ್ಕೆ ಹೋಗುವ ಹೆದ್ದಾರಿಯನ್ನು ಕಟಪಾಡಿಯಲ್ಲಿ ಬಿಟ್ಟು ಪಡುವಣಕ್ಕೆ ತಿರುಗಿದರೆ, ಸ್ವಲ್ಪ ಹೊತ್ತಿನಲ್ಲಿ ಹೊಳೆಯೂ ಹೊಳೆಯ ಆಚೆಗೆ ಮಟ್ಟು ಗ್ರಾಮವೂ ಕಾಣುವುವು. ಒಂದು ಮಗ್ಗುಲಿಗೆ ಹೊಳೆ, ಇನ್ನೊಂದು ಮಗ್ಗುಲಿಗೆ ಕಡಲು. ನಡುವಣ ಮರಳುನೆಲದಲ್ಲಿ ತೆಂಗು, ಗದ್ದೆ, ಗದ್ದೆಯ ಕೊಯ್ಲಾದ ಮೇಲೆ ಗುಳ್ಳದ ಸಾಲು. ಈ ಗುಳ್ಳದ ಬೀಜವನ್ನು ಸೋದೆ ಮಠದ ಶ್ರೀ ವಾದಿರಾಜರು ಅನುಗ್ರಹಿಸಿದರೆಂದು ಊರವರು ನಂಬಿರುವರು. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಕವೆಂಬ ಮನ್ನಣೆಯೂ ದೊರೆಯಿತು. ಹೀಗೆ ಒಂದು ತರಕಾರಿಯಿಂದ ಹೆಸರಾದ ಈ ಗ್ರಾಮದಲ್ಲಿ, ಕರಾವಳಿಯ ಇತರ ಗ್ರಾಮಗಳಲ್ಲಿರುವಂತೆಯೇ, ಮುಂಬಯಿಗೆ ಒಬ್ಬನನ್ನಾದರೂ ಕಳುಹಿಸದ ಮನೆ ಸಿಕ್ಕುವುದು ಅಪರೂಪ. ಮುಂಬಯಿ ಎಂಬುದು ಇಲ್ಲಿ ಒಂದು ಊರಿನ ಹೆಸರೆನ್ನುವುದಕ್ಕಿಂತ ಒಂದು ದಿಕ್ಕಿನ ಹೆಸರೆನ್ನಬೇಕು.

ಈ ಗ್ರಾಮದ ನಿವೃತ್ತ ಮಾಸ್ತರರೊಬ್ಬರು, ವಯಸ್ಸು ಎಂಬತ್ತರ ಸಮೀಪವಾದವರು, ಮಕರಸಂಕ್ರಮಣ ಕಳೆದ ಮೇಲೆ ಜೀವಮಾನದಲ್ಲಿ ಮೊದಲ ಬಾರಿಗೆ ಮುಂಬಯಿಗೆ ಹೊರಟರು. ಅರುವತ್ತು ವರ್ಷಗಳಿಂದ ಅಲ್ಲಿಯೇ ಇರುವ ಒಡಹುಟ್ಟಿದವನನ್ನು ಊರಿಗೆ ಕರೆತರಲು ಹೋಗುವರೆಂದು ನೆರೆಯವರು ತಿಳಿದರು. ಕೇಳಿದವರಿಗೆ ಮಾಸ್ತರರು, "ಒಮ್ಮೆ ಬಂದರು ನೋಡಿ ಬರುತ್ತೇನೆ" ಎಂದಷ್ಟೇ ಹೇಳಿದರು. ಎರಡೂ ಸುಳ್ಳಲ್ಲ. ಆದರೆ ತಮ್ಮನಿಗೆ ಹೇಳಬೇಕಾಗಿದ್ದ ಒಂದು ಮಾತು ನಲುವತ್ತು ವರ್ಷಗಳಿಗೂ ಮಿಕ್ಕಿ ಅವರ ಬಳಿಯಲ್ಲಿ ಉಳಿದುಹೋಗಿತ್ತು. ಅದನ್ನು ಕಾಗದದಲ್ಲಿ ಬರೆಯಲು ಮನಸ್ಸು ಬರಲಿಲ್ಲ. ದೂರವಾಣಿಯಲ್ಲಿ ಹೇಳಲು ನಾಲಗೆ ಬರಲಿಲ್ಲ.

ಈ ಮಾತಿನ ಮೂಲವು ಇವರ ತಂದೆಯ ಕಾಲಕ್ಕೆ ಹೋಗುತ್ತದೆ. ತಂದೆಯು 1930ರ ದಶಕದ ನಡುವಿನಲ್ಲಿ, ಹದಿನೇಳು ವರ್ಷದ ಹುಡುಗನಾಗಿದ್ದಾಗ, ಉಗಿಹಡಗಿನಲ್ಲಿ ಮುಂಬಯಿಗೆ ಹೋದವರು. ಆಗ ಮಂಗಳೂರಿಗೂ ಮುಂಬಯಿಗೂ ನಡುವೆ ಕರಾವಳಿಯನ್ನು ಹಿಡಿದು ಹಡಗುಗಳು ಓಡಾಡುತ್ತಿದ್ದುವು. ಮಳೆಗಾಲದಲ್ಲಿ ಕಡಲು ಮುಚ್ಚಿತೆಂದರೆ ಅವುಗಳ ಸಂಚಾರವೂ ನಿಲ್ಲುತ್ತಿದ್ದಿತು. ಆ ಪ್ರಯಾಣದ ವಿಷಯವಾಗಿ ತಂದೆಯು ಹೇಳಿದುದು ಬಹಳ ಸ್ವಲ್ಪ. "ಧಕ್ಕೆಯಲ್ಲಿ ಇಳಿದೆ" ಎನ್ನುವರು. ಯಾವ ಧಕ್ಕೆ ಎಂದು ಮಕ್ಕಳು ಕೇಳಿದರೆ, "ಧಕ್ಕೆ" ಎಂದೇ ಉತ್ತರ. ಮಸ್ಜಿದ್ ಬಂದರಿನ ಹತ್ತಿರ ಒಂದು ಸಣ್ಣ ಹೋಟೆಲಿನಲ್ಲಿ ಲೋಟ ತೊಳೆಯುವುದರಿಂದ ಆರಂಭಿಸಿ ಗಲ್ಲೆಯ ಬಳಿಯ ವರೆಗೆ ಬಂದರು. ಒಂಬತ್ತು ವರ್ಷ ಅಲ್ಲಿದ್ದರು.

1944ನೆಯ ಏಪ್ರಿಲ್ 14, ಶುಕ್ರವಾರ. ವಿಕ್ಟೋರಿಯಾ ಡಾಕಿನಲ್ಲಿ ಫೋರ್ಟ್ ಸ್ಟಿಕೀನ್ ಎಂಬ ಹಡಗು ನಿಂತಿದ್ದಿತು. ಅದರ ಹೊಟ್ಟೆಯಲ್ಲಿ ಸುಮಾರು 1,400 ಟನ್ ಮದ್ದುಗುಂಡು, ಕರಾಚಿಯಲ್ಲಿ ಏರಿಸಿದ ಹತ್ತಿಯ ಸಾವಿರಾರು ಮೂಟೆ, ಅವುಗಳೊಂದಿಗೆ ಬಂಗಾರದ ಗಟ್ಟಿಗಳು. ಯುದ್ಧಕಾಲದ ಅವಸರವೇ ಇಂತಹ ಸಹವಾಸವನ್ನು ಕಲ್ಪಿಸಬಲ್ಲುದು. ಮಧ್ಯಾಹ್ನ ಹತ್ತಿಗೆ ಬೆಂಕಿ ಹಿಡಿಯಿತು. ಆರಿಸುವ ಯತ್ನವು ಕೈಗೂಡಲಿಲ್ಲ. 4 ಗಂಟೆ 6 ನಿಮಿಷಕ್ಕೆ ಹಡಗು ಸಿಡಿಯಿತು. ಅರ್ಧ ಗಂಟೆಯೊಳಗೆ ಇನ್ನೊಮ್ಮೆ ಸಿಡಿಯಿತು. ಸುತ್ತಲ ಹಡಗುಗಳು ಮುಳುಗಿದುವು, ಗೋದಾಮುಗಳು ಉರಿದುವು, ಧಕ್ಕೆಯ ಹತ್ತಿರದ ಕೇರಿಗಳು ನೆಲಸಮವಾದುವು. ನೂರಾರು ಜನ ಸತ್ತರು. ಬೆಂಕಿಯನ್ನು ಆರಿಸಲು ಹೋದ ಅಗ್ನಿಶಾಮಕ ದಳದವರೇ 66 ಮಂದಿ ಪ್ರಾಣ ಬಿಟ್ಟರು. ಈ ದೇಶದಲ್ಲಿ ಏಪ್ರಿಲ್ 14ನ್ನು ಅಗ್ನಿಶಾಮಕ ಸೇವೆಯ ದಿನವೆಂದು ಆಚರಿಸುವುದು ಇವರ ಸ್ಮರಣೆಗಾಗಿಯೇ.

ಹೋಟೆಲಿನ ಛಾವಣಿ ಕುಸಿದಾಗ ತಂದೆಯು ಹಿತ್ತಿಲ ನಳದ ಬಳಿ ಇದ್ದುದರಿಂದ ಬದುಕಿದರು. ಮರುದಿನವೇ ಊರಿಗೆ ಹೊರಟರು. ಹಡಗನ್ನು ಹತ್ತುವ ಧೈರ್ಯ ಬರಲಿಲ್ಲ. ಹುಬ್ಬಳ್ಳಿಯ ವರೆಗೆ ರೈಲು, ಅಲ್ಲಿಂದ ಇದ್ದಿಲ ಅನಿಲದ ಬಸ್ಸಿನಲ್ಲಿ ಘಟ್ಟ ಇಳಿದು, ಸೇತುವೆಯಿಲ್ಲದ ಹೊಳೆಗಳನ್ನು ಒಂದೊಂದಾಗಿ ದಾಟಿ, ಎಂಟನೆಯ ದಿನ ಮಟ್ಟುವನ್ನು ಸೇರಿದರು. ನಡೆದುದನ್ನು ಹೇಳಿದರೆ ಯಾರೂ ನಂಬಲಿಲ್ಲ. ಯಾತಕ್ಕೆಂದರೆ ಪತ್ರಿಕೆಗಳಲ್ಲಿ ಅದರ ಸುದ್ದಿಯೇ ಇರಲಿಲ್ಲ. ಯುದ್ಧಕಾಲದ ನಿರ್ಬಂಧದಿಂದಾಗಿ ಮೇ ತಿಂಗಳ ಎರಡನೆಯ ವಾರದ ವರೆಗೆ ಈ ವರ್ತಮಾನವನ್ನು ಅಚ್ಚುಹಾಕಗೊಡಲಿಲ್ಲ. ಮೂರು ವಾರಗಳ ಕಾಲ ತನ್ನ ಊರಿನಲ್ಲಿಯೇ ಸುಳ್ಳುಗಾರನೆನಿಸಿಕೊಂಡ ಮನುಷ್ಯನು ಆ ಮೇಲೆ, ಸುದ್ದಿ ಬಂದು ಜನರು ತಾವಾಗಿ ಕೇಳಬಂದಾಗ, ಬಾಯಿ ಬಿಡಲಿಲ್ಲ. ಮದುವೆಯಾದರು, ಗದ್ದೆ ಹಿಡಿದರು, ಗುಳ್ಳ ಬೆಳೆದರು.

ಮಕ್ಕಳಿಗೆ ಮಾತ್ರ ಒಂದು ವಾಕ್ಯವನ್ನು ಹೇಳುತ್ತಿದ್ದರು: "ಆ ಊರಿನಲ್ಲಿ ಬಂಗಾರ ಆಕಾಶದಿಂದ ಬೀಳುತ್ತದೆ, ಅದಕ್ಕೇ ಅಲ್ಲಿಗೆ ಹೋಗಬಾರದು." ಇದು ಮಕ್ಕಳನ್ನು ಹೆದರಿಸುವ ಕಟ್ಟುಕತೆಯೆಂದು ಹಿರಿಯ ಮಗನು ಬಹುಕಾಲ ತಿಳಿದಿದ್ದನು. ಮಾಸ್ತರನಾಗಿ ನಾಲ್ಕು ಪುಸ್ತಕ ಓದಿದ ಮೇಲೆ ತಿಳಿಯಿತು, ಅದು ಅಕ್ಷರಶಃ ನಿಜವೆಂದು. ಸಿಡಿದ ಹಡಗಿನಿಂದ ಹಾರಿದ, 12 ಕಿಲೋಗ್ರಾಂಗೂ ಮಿಕ್ಕಿ ತೂಗುವ ಒಂದು ಬಂಗಾರದ ಗಟ್ಟಿಯು ಸುಮಾರು ಒಂದು ಮೈಲಿನಾಚೆ ಪಾರಸಿ ಗೃಹಸ್ಥನೊಬ್ಬನ ಮನೆಗೆ ಬಂದು ಬಿದ್ದಿತು. ಅವನು ಅದನ್ನು ಸರಕಾರಕ್ಕೆ ಒಪ್ಪಿಸಿದನು. ಹಿರಿಯವನು ವಾಕ್ಯದ ಕೊನೆಯ ಭಾಗವನ್ನು ಪಾಲಿಸಿ ಊರಲ್ಲಿ ನಿಂತನು. ಕಿರಿಯವನಿಗೆ ಹಿಡಿಸಿದುದು ಮೊದಲ ಭಾಗ. 1965ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ಯಾರಿಗೂ ಹೇಳದೆ ಬಸ್ಸು ಹತ್ತಿ ಘಟ್ಟದ ಮೇಲಕ್ಕೂ ಅಲ್ಲಿಂದ ರೈಲಿನಲ್ಲಿ ಮುಂಬಯಿಗೂ ಹೊರಟುಹೋದನು.

ತಂದೆಯು ಅವನಿಗೆ ಒಂದು ಕಾಗದವನ್ನೂ ಬರೆಯಲಿಲ್ಲ, ಬರೆಯಿಸಲಿಲ್ಲ. ಮಾಸ್ತರರೇ ಮನೆಯ ಕ್ಷೇಮಸಮಾಚಾರವನ್ನು ಬರೆಯುತ್ತಿದ್ದರು. ತಮ್ಮನ ಕಾಗದಗಳು ತಿಂಗಳಿಗೊಂದರಂತೆ ಬರುತ್ತಿದ್ದುವು. ಹಗಲು ಕೋಟೆ ಪ್ರದೇಶದ ಹೋಟೆಲಿನಲ್ಲಿ ಕೆಲಸ, ರಾತ್ರಿ ಕನ್ನಡ ಶಾಲೆಯಲ್ಲಿ ಪಾಠ, ಅದು ಮುಗಿದ ಮೇಲೆ ಹೋಟೆಲಿನ ಮೇಜುಗಳನ್ನು ಜೋಡಿಸಿ ನಿದ್ದೆ. ಕರಾವಳಿಯ ಎಷ್ಟೋ ಸಾವಿರ ಹುಡುಗರ ವಿದ್ಯಾಭ್ಯಾಸವು ಹೀಗೆಯೇ ನಡೆದಿದೆ. ಆ ರಾತ್ರಿಶಾಲೆಗಳ ಚರಿತ್ರೆಯನ್ನು ಯಾರಾದರೂ ಪೂರ್ತಿಯಾಗಿ ಬರೆಯಬೇಕು.

ಈಗ ಪ್ರಯಾಣದ ವಿಷಯ. ತಂದೆಗೆ ಕಡಲು, ತಮ್ಮನಿಗೆ ಘಟ್ಟ. ಮಾಸ್ತರರಿಗೆ ಮನೆಯ ಹತ್ತಿರವೇ ಹೊಗೆಯಿಲ್ಲದ ಹೊಗೆಬಂಡಿ. ಕೊಂಕಣ ರೈಲುಮಾರ್ಗವು 1998ನೆಯ ಜನವರಿ 26ರಂದು ಪೂರ್ಣವಾಗಿ ತೆರೆಯಿತು. ರೋಹಾದಿಂದ ತೋಕೂರಿನ ವರೆಗೆ 741 ಕಿಲೋಮೀಟರ್ ಉದ್ದದ ಈ ದಾರಿಯು ಕರಾವಳಿಯ ಜನರ ಭೂಗೋಳವನ್ನೇ ತಿದ್ದಿಬಿಟ್ಟಿತು. ಇದನ್ನು ಸಾಧಿಸಿಕೊಟ್ಟವರಲ್ಲಿ ಹಿಂದೆ ರೈಲ್ವೆ ಮಂತ್ರಿಯಾಗಿದ್ದ ಜಾರ್ಜ್ ಫೆರ್ನಾಂಡಿಸರೂ ಒಬ್ಬರು. ಅವರೂ ಯೌವನದಲ್ಲಿ ಮಂಗಳೂರನ್ನು ಬಿಟ್ಟು ಮುಂಬಯಿಯ ಬೀದಿಯಲ್ಲಿ ಮಲಗಿ ಮೇಲೆ ಬಂದವರೇ. ಉಡುಪಿಯಲ್ಲಿ ಸಂಜೆ ಮತ್ಸ್ಯಗಂಧಾ ಗಾಡಿಯನ್ನು ಹತ್ತಿದರೆ ಮರುದಿನ ಬೆಳಗ್ಗೆ ಕುರ್ಲಾದ ಲೋಕಮಾನ್ಯ ತಿಲಕ್ ನಿಲ್ದಾಣ. ಮಾಸ್ತರರ ಕಾಲಬಳಿಯಲ್ಲಿ ಒಂದು ರಟ್ಟಿನ ಪೆಟ್ಟಿಗೆ, ಅದರಲ್ಲಿ ಬೈಹುಲ್ಲಿನ ನಡುವೆ ಮೂವತ್ತು ಗುಳ್ಳ. ರಾತ್ರಿಯಿಡೀ ಸುರಂಗಗಳ ಕತ್ತಲೆ. ಪೇಚಾಡುವುದಕ್ಕೆ ಏನೂ ಇಲ್ಲದ ಪ್ರಯಾಣವನ್ನು ವರ್ಣಿಸುವುದೂ ಕಷ್ಟವೇ.

ತಮ್ಮನು ನಿಲ್ದಾಣಕ್ಕೆ ಬಂದಿದ್ದನು. ಅವನ ಬಿಡಾರವು ವಡಾಲದಲ್ಲಿ. ಅಲ್ಲಿಗೆ ಬಾಡಿಗೆಯ ಕಾರಿನಲ್ಲಿ ಹೋಗೋಣವೆಂದು ಮಗನು ಹೇಳಿಕಳುಹಿಸಿದ್ದರೂ ಅವನು ಅಣ್ಣನನ್ನು ನೇರವಾಗಿ ತಿಲಕನಗರದ ಲೋಕಲ್ ಗಾಡಿಗೆ ಕರೆದೊಯ್ದನು. "ಅಣ್ಣ, ಮುಂಬಯಿಗೆ ಬಂದು ಲೋಕಲ್ ಹತ್ತದೆ ಮನೆಗೆ ಹೋದರೆ ಕಾಲು ತೊಳೆಯದೆ ಒಳಗೆ ಬಂದ ಹಾಗೆ" ಎಂದನು. ಅವರು ಮಾತಾಡಿದುದು ತುಳುವಿನಲ್ಲಿ. ಅರುವತ್ತು ವರ್ಷಗಳಾದರೂ ತಮ್ಮನ ತುಳುವಿಗೆ ಮಟ್ಟುವಿನ ಮರಳು ಅಂಟಿಯೇ ಇದ್ದಿತು.

ಈ ಲೋಕಲ್ ಗಾಡಿಯ ವಿದ್ಯೆಯನ್ನು ಸ್ವಲ್ಪ ವಿವರಿಸಬೇಕು. ಏಕೆಂದರೆ ಹೊಸಬರು ಮುಂಬಯಿಯಲ್ಲಿ ಕೆಡುವುದು ಇಲ್ಲಿಯೇ. ಪಶ್ಚಿಮ, ಮಧ್ಯ, ಹಾರ್ಬರ್ ಎಂದು ಮುಖ್ಯವಾಗಿ ಮೂರು ದಾರಿಗಳು. ಏಷಿಯಾ ಖಂಡದಲ್ಲಿಯೇ ಮೊದಲನೆಯ ಪ್ರಯಾಣಿಕರ ಗಾಡಿಯು 1853ನೆಯ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ 34 ಕಿಲೋಮೀಟರ್ ಓಡಿದುದು ಈ ನೆಲದಲ್ಲಿ. ಈ ದೇಶದ ಮೊದಲನೆಯ ವಿದ್ಯುತ್ ಗಾಡಿಯು 1925ನೆಯ ಫೆಬ್ರವರಿ 3ರಂದು ಕುರ್ಲಾಕ್ಕೆ ಹೊರಟುದು ಇದೇ ಹಾರ್ಬರ್ ದಾರಿಯಲ್ಲಿ. ನಿಲ್ದಾಣದ ಫಲಕದಲ್ಲಿ ಗಾಡಿಯ ಕೊನೆಯ ಊರಿನ ಸಂಕೇತ, ಅದು ಎಲ್ಲ ಕಡೆ ನಿಲ್ಲುವುದೋ ಇಲ್ಲವೋ ಎಂಬ ಅಕ್ಷರ, ಡಬ್ಬಿಗಳೆಷ್ಟು ಎಂಬ ಅಂಕಿ ಇರುತ್ತವೆ. ಈ ಮೂರನ್ನು ಒಂದೇ ನೋಟದಲ್ಲಿ ಓದಬೇಕು. ಗಾಡಿಯು ನಿಲ್ಲುವುದು ಅರ್ಧ ನಿಮಿಷಕ್ಕೂ ಕಡಮೆ. ಇಳಿಯುವವನು ಹಿಂದಿನ ನಿಲ್ದಾಣದಲ್ಲಿಯೇ ಎದ್ದು ಬಾಗಿಲ ಕಡೆಗೆ ಸರಿಯಬೇಕು. ಯಾವ ಕಡೆಯ ಬಾಗಿಲೆಂಬುದನ್ನು ಮೊದಲೇ ತಿಳಿದಿರಬೇಕು. ಮೂವರ ಬೆಂಚಿನಲ್ಲಿ ನಾಲ್ಕನೆಯವನಿಗೆ ಅಂಚಿನಲ್ಲಿ ಕೈಯಗಲ ಸ್ಥಳ ಬಿಡುವುದು ಅಲ್ಲಿಯ ಅಲಿಖಿತ ಧರ್ಮಶಾಸ್ತ್ರ. ತಮ್ಮನಿಗೆ ಇದೆಲ್ಲ ಉಸಿರಾಟದಂತೆ. ಯಾವ ನಿಲ್ದಾಣದಲ್ಲಿ ಎಷ್ಟನೆಯ ಡಬ್ಬಿಯಿಂದ ಇಳಿದರೆ ಮೇಲುಸೇತುವೆಯ ಮೆಟ್ಟಿಲು ಎದುರಿಗೇ ಸಿಕ್ಕುವುದೆಂದು ಅವನು ಲೆಕ್ಕವಿಟ್ಟಿರುವನು. ಮಾಸ್ತರರು ಒಂದು ತಾಸಿನಲ್ಲಿ ಎರಡು ಸಲ ತಪ್ಪು ಬಾಗಿಲಿಗೆ ಮುಖಮಾಡಿ ನಿಂತರು. ಎರಡು ಸಲವೂ ಅಪರಿಚಿತರು ಅವರನ್ನು ತೋಳು ಹಿಡಿದು ತಿರುಗಿಸಿದರು.

ಮೊದಲ ದಿನ ವಿಶ್ರಾಂತಿ. ಎರಡನೆಯ ದಿನ ಊರು ನೋಡುವುದು. ಇಲ್ಲಿ ಒಂದು ವಿಚಿತ್ರವು ಹೊರಬಿದ್ದಿತು. ನೋಡತಕ್ಕ ಸ್ಥಳಗಳನ್ನು ಮಾಸ್ತರರು ಪುಸ್ತಕದಿಂದ ಬರೆದುಕೊಂಡು ಬಂದಿದ್ದರು. ತಮ್ಮನು ಪಟ್ಟಿಯನ್ನು ಓದಿ, "ಇದರಲ್ಲಿ ಅರ್ಧ ನಾನೂ ನೋಡಿಲ್ಲ" ಎಂದನು. ಬಟಾಟೆ ಎಲ್ಲಿ ಅಗ್ಗ, ಹಾಲು ಎಷ್ಟು ಗಂಟೆಗೆ ಬರುತ್ತದೆ, ಮಳೆ ಹಿಡಿದರೆ ಯಾವ ಬೀದಿ ಮೊದಲು ಮುಳುಗುತ್ತದೆ, ಇವೆಲ್ಲ ಅವನಿಗೆ ಗೊತ್ತು. ಎಲಿಫೆಂಟಾ ಗುಹೆಗೆ ಅವನು ಹೋದವನಲ್ಲ. ಅದು ನೆಂಟರು ಬಂದಾಗ ಹೆಂಡತಿ ಮಕ್ಕಳು ಕರೆದೊಯ್ಯುವ ಜಾಗ. ಅವನಿಗೆ ಅಂದು ಕೆಲಸವಿರುತ್ತಿದ್ದಿತು. ನಗರವನ್ನು ನೋಡುವವರೂ ನಗರವನ್ನು ನಡೆಯಿಸುವವರೂ ಒಂದೇ ಗಾಡಿಯಲ್ಲಿ ಹೋದರೂ ಬೇರೆ ಬೇರೆ ನಿಲ್ದಾಣಗಳಲ್ಲಿ ಇಳಿಯುವರೇನೋ.

ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನ ಮುಂದೆ ಇಬ್ಬರೂ ಬಹಳ ಹೊತ್ತು ನಿಂತರು. ಫ್ರೆಡರಿಕ್ ಸ್ಟೀವನ್ಸನ ನಕ್ಷೆಯಂತೆ 1878ರಲ್ಲಿ ಆರಂಭವಾಗಿ ಹತ್ತು ವರ್ಷ ಕಟ್ಟಿದ ಕಟ್ಟಡ. 2004ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಕಲ್ಲಿನಲ್ಲಿ ನವಿಲು, ಮಂಗ, ಎಲೆಬಳ್ಳಿ. ದಿನವೂ ಇದರ ಒಳಗಿಂದ ಹೊರಗೆ ಓಡಿದ ತಮ್ಮನು ತಲೆಯೆತ್ತಿ ಗೋಪುರವನ್ನು ನೋಡಿದುದು ಅಂದೇ ಎಂದು ಒಪ್ಪಿಕೊಂಡನು. ಅಲ್ಲಿಂದ ಕೋಟೆ ಪ್ರದೇಶದಲ್ಲಿ ನಡೆಯುತ್ತ ಫ್ಲೋರಾ ಕಾರಂಜಿ, 1878ರಲ್ಲಿ ಪೂರ್ಣವಾದ ರಾಜಾಬಾಯಿ ಗಡಿಯಾರ ಗೋಪುರ. ತಂದೆಯು ಟ್ರಾಮಿನಲ್ಲಿ ಹತ್ತಿ ಇಳಿಯುತ್ತಿದ್ದ ಬೀದಿಗಳಿವು. 1874ರಲ್ಲಿ ಕುದುರೆಗಳು ಎಳೆಯುತ್ತ, 1907ರಿಂದ ವಿದ್ಯುತ್ತಿನಿಂದ ಓಡುತ್ತ ಇದ್ದ ಆ ಟ್ರಾಮುಗಳು 1964ನೆಯ ಮಾರ್ಚ್ 31ರ ರಾತ್ರಿ ನಿಂತುಹೋದುವು. ತಮ್ಮನು ಬಂದುದು ಅದರ ಮರುವರ್ಷ. ಈಗ ಇದೇ ಬೀದಿಗಳ ಕೆಳಗೆ, 2024ರಲ್ಲಿ ಮೊದಲ ಭಾಗ ತೆರೆದು 2025ರಲ್ಲಿ ಪೂರ್ಣವಾದ ಮೆಟ್ರೋ ಗಾಡಿಯು ನೆಲದೊಳಗೆ ಓಡುತ್ತದೆ. ಅದರಲ್ಲಿಯೂ ಒಂದು ಸುತ್ತು ಹೋದರು. ತಣ್ಣಗೆ, ಚೊಕ್ಕಟವಾಗಿ ಇತ್ತು. ಕಿಟಕಿಯ ಹೊರಗೆ ಕತ್ತಲೆ. "ಇದರಲ್ಲಿ ಊರು ಕಾಣುವುದಿಲ್ಲವಲ್ಲ" ಎಂದು ಮಾಸ್ತರರು ಗೊಣಗಿದರು. ಮಾಟುಂಗಾದಲ್ಲಿ ಎ. ರಾಮ ನಾಯಕರು 1942ರಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಬಾಳೆಲೆಯ ಊಟ. ಅದರ ಬಗ್ಗೆ ಈ ಜಿಲ್ಲೆಯ ವಾಚಕರಿಗೆ ಹೇಳಬೇಕಾದುದಿಲ್ಲ.

ಮಾಸ್ತರರ ಪಟ್ಟಿಯಲ್ಲಿ ಕೊನೆಗೆ, ಬೇರೆ ಶಾಯಿಯಲ್ಲಿ, "ಧಕ್ಕೆ" ಎಂದು ಬರೆದಿದ್ದಿತು. ತಮ್ಮನು ಅದನ್ನು ಓದಿ ಏನೂ ಹೇಳಲಿಲ್ಲ. ಮೂರನೆಯ ದಿನ ಬೆಳಗ್ಗೆ ತಾನಾಗಿಯೇ ಅಣ್ಣನನ್ನು ಪಿ. ಡಿ'ಮೆಲ್ಲೊ ರಸ್ತೆಗೆ ಕರೆದೊಯ್ದನು. ಧಕ್ಕೆಯ ಕೂಲಿಗಳ ಮುಖಂಡನೂ ಜಾರ್ಜ್ ಫೆರ್ನಾಂಡಿಸರಿಗೆ ಗುರುವೂ ಆಗಿದ್ದ ಪ್ಲಾಸಿಡ್ ಡಿ'ಮೆಲ್ಲೊ ಅವರ ಹೆಸರಿನ ಈ ರಸ್ತೆಯು ಬಂದರಿನ ಗೋಡೆಯನ್ನು ಒತ್ತಿಕೊಂಡೇ ಹೋಗುತ್ತದೆ. ಗೋಡೆ ಎಷ್ಟು ದೂರಕ್ಕೆ ಹೋದರೂ ಮುಗಿಯದು. ನಡುನಡುವೆ ಬಾಗಿಲುಗಳು, ಹಳದಿ ಬಾಗಿಲು, ಹಸುರು ಬಾಗಿಲು ಎಂದು ಬಣ್ಣಗಳಿಂದ ಅವುಗಳ ಹೆಸರು. ಒಂದು ಬಾಗಿಲಲ್ಲಿ ಕಾವಲುಗಾರನು ಕೈ ಮುಗಿದು, ರಹದಾರಿ ಇಲ್ಲದೆ ಒಳಗೆ ಬಿಡುವಂತಿಲ್ಲವೆಂದನು. ಮಾಸ್ತರರು ತನ್ನ ತಂದೆ ಇಲ್ಲಿ ಹಡಗಿನಿಂದ ಇಳಿದವರೆಂದು ಅರೆಬರೆ ಹಿಂದಿಯಲ್ಲಿ ವಿವರಿಸಿದರು. ಅವನು ಶ್ರದ್ಧೆಯಿಂದ ಕೇಳಿ, ನೆರಳಿನಲ್ಲಿ ನಿಲ್ಲಲು ಸ್ಥಳ ಕೊಟ್ಟು, ಕುಡಿಯಲು ನೀರು ಕೊಟ್ಟು, ಒಳಗೆ ಮಾತ್ರ ಬಿಡಲಿಲ್ಲ. ಅವನ ಕರ್ತವ್ಯ ಸರಿಯಾಗಿಯೇ ಇದ್ದಿತು. ಬಂದರನ್ನು ನೋಡಲು ಬಂದವನಿಗೆ ಬಂದರೊಂದನ್ನುಳಿದು ಮಿಕ್ಕೆಲ್ಲವನ್ನೂ ಈ ನಗರವು ತೋರಿಸುತ್ತದೆ.

"ಕಡಲಿನಿಂದ ನೋಡಬಹುದು" ಎಂದು ತಮ್ಮನು ಹೇಳಿದನು. ಹೀಗಾಗಿ ಎಲಿಫೆಂಟಾ ಪ್ರಯಾಣಕ್ಕೆ ಅವನೂ ಹೊರಟನು.

ದೋಣಿಗಳು ಹೊರಡುವುದು ಗೇಟ್ ವೇ ಆಫ್ ಇಂಡಿಯಾದ ಮೆಟ್ಟಿಲುಗಳಿಂದ. ಐದನೆಯ ಜಾರ್ಜ್ ದೊರೆಯು 1911ರಲ್ಲಿ ಬಂದಿಳಿದುದರ ನೆನಪಿಗೆಂದು ಕಟ್ಟಿದುದು; ತೆರೆದುದು 1924ರ ಡಿಸೆಂಬರ್ 4ರಂದು. ದೊರೆಯ ಬರವಿಗೆ ಕಟ್ಟಿದ ಬಾಗಿಲಿನಿಂದಲೇ 1948ನೆಯ ಫೆಬ್ರವರಿ 28ರಂದು ಬ್ರಿಟಿಷರ ಕೊನೆಯ ಸೈನ್ಯದ ತುಕಡಿಯು ಹೊರಬಿದ್ದಿತು. ದೋಣಿಯಲ್ಲಿ ಎಲ್ಲರಿಗೂ ತೇಲುಕವಚವನ್ನು ಹಂಚಿದರು. 2024ನೆಯ ಡಿಸೆಂಬರ್ 18ರಂದು ಇದೇ ಹಾದಿಯಲ್ಲಿ ಪ್ರಯಾಣಿಕರ ದೋಣಿಯೊಂದಕ್ಕೆ ಇನ್ನೊಂದು ವೇಗದ ದೋಣಿ ಬಡಿದು ಹಲವರು ಪ್ರಾಣ ಕಳೆದುಕೊಂಡ ಮೇಲೆ ಇದರಲ್ಲಿ ಜಾಗರೂಕತೆ ಹೆಚ್ಚಿದೆ. ತಮ್ಮನು ಕವಚದ ಪಟ್ಟಿಯನ್ನು ಮೂರು ಸಲ ಬಿಗಿದುಕೊಂಡನು. ಕಡಲ ದಂಡೆಯಲ್ಲಿ ಹುಟ್ಟಿದವನು ದೋಣಿಗೆ ಹೆದರುವುದನ್ನು ಕಂಡು ಅಣ್ಣನಿಗೆ ನಗು ಬಂದಿತು, ನಗಲಿಲ್ಲ.

ಒಂದು ತಾಸಿನ ಹಾದಿ. ದೋಣಿ ನಡುನೀರಿಗೆ ಬಂದಾಗ ಪಟ್ಟಣವು ಪೂರ್ತಿಯಾಗಿ ಕಾಣಿಸಿತು. ಎಡಗಡೆಗೆ ಬೂದುಬಣ್ಣದ ಯುದ್ಧನೌಕೆಗಳು. ಅವುಗಳ ಬಡಗಣಕ್ಕೆ ಕ್ರೇನುಗಳ ಸಾಲು, ಮಂಜಿನಲ್ಲಿ ಅರ್ಧ ಮಾಸಿದ್ದುವು. ಮುಂದೆ ಎಣ್ಣೆಯ ಹಡಗುಗಳು ನಿಲ್ಲುವ ನಡುಗಡ್ಡೆ. ಆಚೆಯ ದಡದಲ್ಲಿ 1989ರಲ್ಲಿ ತೆರೆದ ನ್ಹಾವಾ ಶೇವಾ ಬಂದರು. ಪೆಟ್ಟಿಗೆಗಟ್ಟಲೆ ಸರಕು ಬರುವ ದೊಡ್ಡ ಹಡಗುಗಳು ಹೆಚ್ಚಾಗಿ ಈಗ ಅಲ್ಲಿಗೇ ಹೋಗುತ್ತವೆ. ಬಡಗಣದಲ್ಲಿ 2024ನೆಯ ಜನವರಿಯಲ್ಲಿ ತೆರೆದ, 21.8 ಕಿಲೋಮೀಟರ್ ಉದ್ದದ ಅಟಲ್ ಸೇತುವೆಯು ನೀರಿನ ಮೇಲೆ ಗೆರೆ ಎಳೆದಂತೆ ತೋರಿತು. ಮಾಸ್ತರರು ಕ್ರೇನುಗಳನ್ನು ತೋರಿಸಿ, "ಅಪ್ಪಯ್ಯ ಇದ್ದುದು ಅಲ್ಲಿಯೋ?" ಎಂದು ಕೇಳಿದರು. "ಅಲ್ಲಿಯೇ, ಅದರ ಹಿಂದೆ" ಎಂದು ತಮ್ಮನು ಉತ್ತರ ಕೊಟ್ಟನು. ಅಷ್ಟರಲ್ಲಿ ದೋಣಿಯು ತಿರುಗಿತು.

ದ್ವೀಪದಲ್ಲಿ ನೂರಕ್ಕೆ ಮಿಕ್ಕಿ ಮೆಟ್ಟಿಲು. ಮಾಸ್ತರರು ಡೋಲಿಯನ್ನು ಒಲ್ಲದೆ, ನಿಂತು ನಿಂತು ಹತ್ತಿದರು. ಊರಿನ ನಿಜವಾದ ಹೆಸರು ಘಾರಾಪುರಿ. ಪೋರ್ತುಗೀಸರು ಇಲ್ಲಿದ್ದ ಕಲ್ಲಿನ ಆನೆಯೊಂದನ್ನು ನೋಡಿ ಎಲಿಫೆಂಟಾ ಎಂದರು. ಆ ಆನೆಯು ಈಗ ದ್ವೀಪದಲ್ಲಿಲ್ಲ, ಮುಂಬಯಿಯ ಬೈಕಲಾದ ಉದ್ಯಾನದಲ್ಲಿದೆ. ಗುಹೆಯ ಒಳಗೆ, ತಂಪಾದ ಅರೆಬೆಳಕಿನಲ್ಲಿ, ಸುಮಾರು 6 ಮೀಟರ್ ಎತ್ತರದ ಮೂರು ಮುಖಗಳ ಸದಾಶಿವ. ನಡುವಿನ ಮುಖವು ಕಣ್ಣು ಮುಚ್ಚಿದೆ. ಒಂದು ಬದಿಯದು ಉಗ್ರ, ಇನ್ನೊಂದು ಬದಿಯದು ಸೌಮ್ಯ. ಕೆಳಗಿನ ಎಷ್ಟೋ ವಿಗ್ರಹಗಳ ಕೈಕಾಲು ಮುರಿದಿದ್ದರೂ ಈ ಮುಖಗಳು ಉಳಿದಿವೆ. ಇಮ್ಮಡಿ ಪುಲಿಕೇಶಿಯು ನೂರಾರು ನೌಕೆಗಳಿಂದ ಪುರಿಯೆಂಬ ಕಡಲಪಟ್ಟಣವನ್ನು ಗೆದ್ದನೆಂದು 634ನೆಯ ಇಸವಿಯ ಐಹೊಳೆಯ ಶಾಸನವು ಹೇಳುತ್ತದೆ. ಆ ಪುರಿಯು ಈ ಘಾರಾಪುರಿಯೇ ಎಂದು ಕೆಲವು ವಿದ್ವಾಂಸರ ಮತ. ಹಾಗಾದರೆ ಮುಂಬಯಿ ಬಂದರಿಗೆ ಬಂದ ಕನ್ನಡಿಗರಲ್ಲಿ ಮೊದಲಿಗನು ಹೋಟೆಲಿನ ಕೆಲಸಕ್ಕಾಗಿ ಬಂದವನಲ್ಲ. ಮಾಸ್ತರರು ಇದನ್ನು ಶಾಲೆಯಲ್ಲಿ ಮೂವತ್ತು ವರ್ಷ ಹೇಳಿಕೊಟ್ಟವರು. ಈಗ ತಮ್ಮನಿಗೆ ಪಾಠದಂತೆಯೇ ವಿವರಿಸಿದರು. ಅವನು ಕಂಬಕ್ಕೆ ಒರಗಿ, ಕೊನೆಯ ಬೆಂಚಿನ ಹುಡುಗನಂತೆ ಕೇಳುತ್ತ, ಆ ಮುಚ್ಚಿದ ಕಣ್ಣುಗಳನ್ನೇ ನೋಡುತ್ತಿದ್ದನು. "ಅಪ್ಪಯ್ಯ ಊಟವಾದ ಮೇಲೆ ಜಗಲಿಯಲ್ಲಿ ಹೀಗೆಯೇ ಕೂತುಕೊಳ್ಳುತ್ತಿದ್ದರು" ಎಂದನು. ಅವನು ತಂದೆಯ ಮಾತನ್ನು ಎತ್ತಿದುದು ಆ ಮೂರು ದಿನಗಳಲ್ಲಿ ಅದೊಂದೇ ಸಲ.

ಹಿಂದಿರುಗಿ ಪಟ್ಟಣವನ್ನು ಮುಟ್ಟುವಾಗ ಸಂಜೆಯಾಗಿತ್ತು. ಹಾರ್ಬರ್ ದಾರಿಯ ಗಾಡಿಯಲ್ಲಿ ತಮ್ಮನು ಅಣ್ಣನಿಗೆ ಬಲಗಡೆಯ ಕಿಟಕಿಯನ್ನು ಹಿಡಿದುಕೊಟ್ಟನು. ಮೊದಲು ಮಸ್ಜಿದ್ ನಿಲ್ದಾಣ; ಹೆಸರು ಮಸ್ಜಿದ್ ಎಂದಿದ್ದರೂ ಅದು 1796ರಲ್ಲಿ ಕಟ್ಟಿದ ಯಹೂದಿಗಳ ಪ್ರಾರ್ಥನಾಮಂದಿರದಿಂದ ಬಂದುದೆಂದು ಹೇಳುವರು. ತಂದೆಯ ಹೋಟೆಲು ಇಲ್ಲಿಯೇ ಎಲ್ಲಿಯೋ ಇದ್ದಿರಬೇಕು. ಆಮೇಲೆ ಸ್ಯಾಂಡ್‌ಹರ್ಸ್ಟ್ ರೋಡ್. ಅಲ್ಲಿಂದ ಗಾಡಿಯು ಹೊರಟಾಗ ಮಾಸ್ತರರು ಮಾತು ತೆಗೆದರು.

1974ರಲ್ಲಿ ವಡಾಲದಲ್ಲಿ ಕೋಣೆ ಹಿಡಿದ ಮೇಲೆ ತಮ್ಮನು ಒಂದು ಕಾಗದ ಬರೆದಿದ್ದನು: ದಿನವೂ ಈ ದಾರಿಯಾಗಿ ಹೋಗಿಬರುತ್ತೇನೆ, ಗಾಡಿಯಿಂದ ಧಕ್ಕೆಯ ಕಡೆ ಕಾಣುತ್ತದೆ, ಅಪ್ಪಯ್ಯನಿಗೆ ಹೇಳಿ, ಎಂದು. ಮಾಸ್ತರರು ಓದಿ ಹೇಳಿದರು. ತಂದೆಯು ಇನ್ನೊಮ್ಮೆ ಓದಿಸಿದರು. ಸ್ವಲ್ಪ ಹೊತ್ತಿನ ಮೇಲೆ, "ಹಡಗುಗಳು ನಿಂತಿವೆಯೋ, ಕೇಳು" ಎಂದರು. ಆಮೇಲೆ ಪ್ರತಿಯೊಂದು ಕಾಗದ ಬಂದಾಗಲೂ ಅದೇ ಮಾತು. 1983ರಲ್ಲಿ ಹಾಸಿಗೆ ಹಿಡಿದ ಮೇಲೆಯೂ ಅದೇ ಮಾತು. ಒಂಬತ್ತು ವರ್ಷಗಳಲ್ಲಿ ಮಾಸ್ತರರು ಒಂದು ಸಲವೂ ಅದನ್ನು ಬರೆಯಲಿಲ್ಲ.

"ಏಕೆ ಬರೆಯಲಿಲ್ಲ?" ಎಂದು ತಮ್ಮನು ಕೇಳಿದನು.

ಮಾಸ್ತರರು ಈ ಪ್ರಶ್ನೆಗೆ ಉತ್ತರವನ್ನು ಮೊದಲೇ ಸಿದ್ಧಮಾಡಿಕೊಂಡಿದ್ದರು, ಮರೆತುಹೋಯಿತೆಂದು ಹೇಳಬಹುದಾಗಿತ್ತು. ಆದರೆ ಹೇಳಿದುದು ಬೇರೆ. ಗದ್ದೆಗೆ ಇಳಿದವನು ತಾನು, ರಾತ್ರಿ ಎದ್ದು ನೀರು ಕೊಟ್ಟವನು ತಾನು. ಬಿಟ್ಟುಹೋದವನಿಗೆ ತಂದೆಯ ವಿಚಾರಣೆಯೂ ಸಲ್ಲಬೇಕೇ ಎಂದು ಆಗ ತೋರಿತು. "ನಿನ್ನಲ್ಲಿ ಎಲ್ಲವೂ ಇತ್ತು ಎಂದು ತಿಳಿದಿದ್ದೆ. ಅಪ್ಪಯ್ಯನ ಆ ಮಾತೊಂದು ನನ್ನ ಹತ್ತಿರ ಇರಲಿ ಎಂದು ಇಟ್ಟುಕೊಂಡೆ."

ತಮ್ಮನು ಬಹಳ ಹೊತ್ತು ಮಾತಾಡಲಿಲ್ಲ. ಸುತ್ತಲೂ ಕೆಲಸದಿಂದ ಮರಳುವ ಜನ. ಒಬ್ಬನು ನಿಂತುಕೊಂಡೇ ನಿದ್ದೆಹೋಗಿದ್ದನು. ಗಾಡಿಯು ನಿಧಾನವಾಯಿತು. ತಮ್ಮನು ಎದ್ದು, "ಏಳಿ ಅಣ್ಣ, ಇಲ್ಲಿ ಇಳಿಯೋಣ" ಎಂದನು. ವಡಾಲ ಇನ್ನೂ ನಾಲ್ಕು ನಿಲ್ದಾಣ ದೂರವಿದ್ದಿತು. ಹಿಂದಿನ ನಿಲ್ದಾಣದಲ್ಲಿಯೇ ಏಳಬೇಕೆಂಬ ನಿಯಮವನ್ನು ಅವನೇ ಮುರಿದುದರಿಂದ ಇಬ್ಬರೂ ಜನರನ್ನು ತಳ್ಳಿಕೊಂಡು, ಬೈಸಿಕೊಂಡು ಇಳಿಯಬೇಕಾಯಿತು.

ಅದು ಡಾಕ್‌ಯಾರ್ಡ್ ರೋಡ್ ನಿಲ್ದಾಣ. ಸ್ವಲ್ಪ ಎತ್ತರದಲ್ಲಿರುವುದರಿಂದ ಅಲ್ಲಿ ಕಟ್ಟೆಯ ಕೊನೆಗೆ ಹೋಗಿ ನಿಂತರೆ ಛಾವಣಿಗಳ ಮೇಲಿನಿಂದ ಕ್ರೇನುಗಳೂ ಅವುಗಳ ನಡುವೆ ತುಂಡುತುಂಡಾಗಿ ನೀರೂ ಕಾಣುತ್ತವೆ. 1944ರಲ್ಲಿ ಹಡಗು ಸಿಡಿದ ಧಕ್ಕೆಯು ಅಲ್ಲಿಂದ ತೆಂಕಣಕ್ಕಿದೆ, ಅದು ಕಾಣುವುದಿಲ್ಲ. ದೀಪಗಳು ಹತ್ತಿಕೊಳ್ಳುತ್ತಿದ್ದುವು. ತಮ್ಮನು ಕಣ್ಣಿನ ಮೇಲೆ ಕೈ ಹಿಡಿದು, ಎಡದಿಂದ ಬಲಕ್ಕೆ, ಸರಕನ್ನು ಎಣಿಸುವವನಂತೆ ನೋಡಿದನು.

"ನಿಂತಿವೆ" ಎಂದನು. "ಒಂದು ಪೂರ್ತಿ ಕಾಣುತ್ತದೆ. ಇನ್ನೊಂದರ ಹೊಗೆಗೂಡು ಮಾತ್ರ."

ಮಾಸ್ತರರಿಗೆ ಕನ್ನಡಕದಲ್ಲಿಯೂ ಒಂದೇ ಕಾಣಿಸಿತು. ತಮ್ಮನು ಅವರ ಹೆಗಲ ಮೇಲಿನಿಂದ ಬೆರಳು ಚಾಚಿ, ಎರಡನೆಯದನ್ನು ಕಾಣುವ ವರೆಗೂ ತೋರಿಸಿದನು. ಮೂರು ಗಾಡಿಗಳು ಬಂದುಹೋದುವು. ನಾಲ್ಕನೆಯದರಲ್ಲಿ ಇಬ್ಬರಿಗೂ ಕುಳಿತುಕೊಳ್ಳಲು ಸ್ಥಳ ಸಿಕ್ಕಿತು.